ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನ ನೆಲ: ಮರ, ಸಿಮೆಂಟ್, ಅಕ್ರಿಲಿಕ್, ರಬ್ಬರ್ – ಮೊಣಕಾಲನ್ನು ನಿಜವಾಗಿ ಕಾಯುವುದು ಯಾವುದು?

ಶಾಲೆಯಲ್ಲೋ ಅಪಾರ್ಟ್‌ಮೆಂಟ್‌ನಲ್ಲೋ ಹೊಸ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಆಗುವಾಗ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. "ಹಳೇ ಸಿಮೆಂಟ್ ನೆಲದ ಮೇಲೆ ಸಿಂಥೆಟಿಕ್ ಹಾಕಿಸಿಬಿಡೋಣ, ಮಕ್ಕಳ ಮೊಣಕಾಲಿಗೆ ಒಳ್ಳೆಯದು." ಕೆಲವು ದಿನಗಳಲ್ಲಿ ನೀಲಿ, ಕೆಂಪು, ಹಸಿರು ಬಣ್ಣದ ಚೆಂದದ ಅಂಕಣ ಸಿದ್ಧವಾಗುತ್ತದೆ. ಪೋಷಕರಿಗೂ ಸಮಾಧಾನ, ಶಾಲೆಯವರಿಗೂ ಸಮಾಧಾನ.

ಈ ನಂಬಿಕೆ ಎಷ್ಟು ಸರಿ? ಚಿಕ್ಕ ಉತ್ತರ: 'ಸಿಂಥೆಟಿಕ್' ಎನ್ನುವುದು ಒಂದೇ ವಸ್ತುವಿನ ಹೆಸರಲ್ಲ. ಆ ಹೆಸರಿನಲ್ಲಿ ಮಾರಾಟವಾಗುವ ಕೆಲವು ನೆಲಗಳು ಬಿದ್ದ ಪೆಟ್ಟನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಇನ್ನು ಕೆಲವು ಸಿಮೆಂಟ್ ಮೇಲೆ ಬಳಿದ ದಪ್ಪ ಬಣ್ಣಕ್ಕಿಂತ ಹೆಚ್ಚೇನಲ್ಲ. ನೋಡಲು ಎರಡೂ ಒಂದೇ ಥರ ಇರುವುದರಿಂದ ಗೊಂದಲವಾಗುತ್ತದೆ. ಹಾಗಾಗಿ ಬ್ಯಾಸ್ಕೆಟ್‌ಬಾಲ್ ಕೋರ್ಟ್‌ಗೆ ಬಳಸುವ ಪ್ರಮುಖ ವಸ್ತುಗಳು ಯಾವುವು, ಅವು ಹೇಗೆ ಕೆಲಸ ಮಾಡುತ್ತವೆ, ಆರಿಸುವ ಮುನ್ನ ಏನನ್ನು ಕೇಳಬೇಕು ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ನೆಲಕ್ಕೆ ಇರುವುದು ಮೂರು ಕೆಲಸ

ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನ ನೆಲ ಮೂರು ಕೆಲಸಗಳನ್ನು ಒಟ್ಟಿಗೆ ಮಾಡಬೇಕು.

ಮೊದಲನೆಯದು, ಆಟಗಾರ ಹಾರಿ ಕೆಳಗಿಳಿದಾಗ ಆ ಪೆಟ್ಟಿನ ಒಂದಷ್ಟು ಭಾಗವನ್ನು ತಾನು ತೆಗೆದುಕೊಳ್ಳಬೇಕು. ಎರಡನೆಯದು, ಚೆಂಡನ್ನು ಸರಿಯಾಗಿ ಪುಟಿಸಬೇಕು, ಅದೂ ಅಂಕಣದ ಎಲ್ಲ ಜಾಗಗಳಲ್ಲಿ ಒಂದೇ ಸಮನಾಗಿ. ಮೂರನೆಯದು, ಬೂಟಿಗೆ ಹಿಡಿತ ಕೊಡಬೇಕು. ಜಾರಲೂಬಾರದು, ಕಾಲನ್ನು ಅಂಟಿಸಿಕೊಂಡಂತೆ ಹಿಡಿಯಲೂಬಾರದು.

ಮೊದಲ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧ ಎನಿಸಬಹುದು. ಮೆತ್ತಗಿನ ಹಾಸಿಗೆಯ ಮೇಲೆ ಬಿದ್ದರೆ ನೋವಾಗುವುದಿಲ್ಲ, ಆದರೆ ಅಲ್ಲಿ ಚೆಂಡು ಪುಟಿಯುವುದೂ ಇಲ್ಲ. ಸಿಮೆಂಟ್ ಮೇಲೆ ಚೆಂಡು ಚೆನ್ನಾಗಿ ಪುಟಿಯುತ್ತದೆ, ಬಿದ್ದರೆ ನೋವಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ನೆಲ ಹೇಗೆ ಸಾಧ್ಯ?

ಮಲೆನಾಡಿನ ಹಳ್ಳವೊಂದಕ್ಕೆ ಹಾಕಿದ ಹಲಗೆಯ ಕಾಲುಸಂಕವನ್ನು ನೆನಪಿಸಿಕೊಳ್ಳಿ. ಮನುಷ್ಯ ನಡೆದರೆ ಅದು ಸ್ವಲ್ಪ ಬಾಗಿ ಮತ್ತೆ ಮೇಲೇಳುತ್ತದೆ. ಅದೇ ಹಲಗೆಗೆ ಚೆಂಡು ಬಡಿದರೆ ಬಾಗಿದ್ದು ಗೊತ್ತೇ ಆಗುವುದಿಲ್ಲ, ಚೆಂಡು ಟಪ್ಪನೆ ಪುಟಿಯುತ್ತದೆ. ಬ್ಯಾಸ್ಕೆಟ್‌ಬಾಲ್‌ನ ತೂಕ ಸುಮಾರು 600 ಗ್ರಾಂ. ಅದು ನೆಲಕ್ಕೆ ತಾಗಿರುವುದು ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಭಾರವಾದ ಹಲಗೆಯನ್ನು ಅಲುಗಿಸಲು ಅದಕ್ಕೆ ಆಗುವುದಿಲ್ಲ. 60 ಕಿಲೋ ತೂಕದ ಮನುಷ್ಯನ ದೇಹಕ್ಕೆ ಅದು ಸಾಧ್ಯ. ಒಳ್ಳೆಯ ಕೋರ್ಟ್‌ಗಳ ನೆಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಪೆಟ್ಟು ಹೀರುವ ಶಕ್ತಿಯನ್ನು ಅಳೆಯುವುದು ಹೇಗೆ?

ಇದನ್ನು ಅಳೆಯಲು ಒಂದು ಉಪಕರಣವಿದೆ. 20 ಕಿಲೋ ತೂಕವನ್ನು 55 ಮಿಲಿಮೀಟರ್ ಎತ್ತರದಿಂದ, ಕಾಲಿನಂತೆ ವರ್ತಿಸುವ ಒಂದು ಸ್ಪ್ರಿಂಗ್ ಮೇಲೆ ಬೀಳಿಸಲಾಗುತ್ತದೆ. ಆಗ ಉಂಟಾಗುವ ಗರಿಷ್ಠ ಬಲವನ್ನು ದಾಖಲಿಸುತ್ತಾರೆ. ಇದೇ ಪರೀಕ್ಷೆಯನ್ನು ಗಟ್ಟಿ ಕಾಂಕ್ರೀಟ್ ಮೇಲೂ ಮಾಡಿ, ಪರೀಕ್ಷಿಸುತ್ತಿರುವ ನೆಲದಲ್ಲಿ ಬಲ ಶೇಕಡಾ ಎಷ್ಟು ಕಡಿಮೆಯಾಯಿತು ಎಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ಫೋರ್ಸ್ ರಿಡಕ್ಷನ್, ಅಂದರೆ ಬಲದ ಇಳಿಕೆ ಎಂದು ಹೆಸರು.

ಈ ಅಳತೆಯಲ್ಲಿ ಕಾಂಕ್ರೀಟ್ ಎಂದರೆ ಸೊನ್ನೆ. ಉಳಿದೆಲ್ಲ ನೆಲಗಳನ್ನು ಅದಕ್ಕೆ ಹೋಲಿಸಿಯೇ ಅಳೆಯಲಾಗುತ್ತದೆ.

ಒಳಾಂಗಣ ಕ್ರೀಡಾ ನೆಲಗಳಿಗೆ ಇರುವ ಯುರೋಪಿನ ಮಾನದಂಡ ಇಎನ್ 14904ರ ಪ್ರಕಾರ ಬಲದ ಇಳಿಕೆ ಶೇ. 25ರಿಂದ ಶೇ. 75ರ ನಡುವೆ ಇರಬೇಕು. ಒತ್ತಡ ಬಿದ್ದಾಗ ನೆಲ 5 ಮಿಲಿಮೀಟರಿಗಿಂತ ಹೆಚ್ಚು ತಗ್ಗಬಾರದು. ಚೆಂಡು ಕಾಂಕ್ರೀಟ್ ಮೇಲೆ ಪುಟಿಯುವ ಎತ್ತರದ ಕನಿಷ್ಠ ಶೇ. 90ರಷ್ಟು ಇಲ್ಲಿಯೂ ಪುಟಿಯಬೇಕು. ಜರ್ಮನಿಯ ಹಳೆಯ ಮಾನದಂಡ ಡಿಐಎನ್ 18032 ಇನ್ನೂ ಕಟ್ಟುನಿಟ್ಟು, ಅದು ಕನಿಷ್ಠ ಶೇ. 53ರಷ್ಟು ಇಳಿಕೆಯನ್ನು ಕೇಳುತ್ತದೆ.

ಗರಿಷ್ಠ ಮಿತಿಯೂ ಇರುವುದನ್ನು ಗಮನಿಸಿ. ನೆಲ ಅತಿಯಾಗಿ ಮೆತ್ತಗಿದ್ದರೂ ತೊಂದರೆಯೇ. ಕಾಲು ಹೂತಂತಾಗಿ ಪಾದದ ಕೀಲು ಉಳುಕಬಹುದು, ಆಟಗಾರ ಬೇಗ ದಣಿಯುತ್ತಾನೆ.

ಕೆಲವೇ ಮಿಲಿಮೀಟರ್ ತಗ್ಗುವ ನೆಲದಿಂದ ಏನು ಪ್ರಯೋಜನ?

ಇದು ಸಹಜವಾದ ಪ್ರಶ್ನೆ. ಒಂದು ಸರಳ ಲೆಕ್ಕ ನೋಡೋಣ. ಅರ್ಧ ಮೀಟರ್ ಎತ್ತರದಿಂದ ಕೆಳಗಿಳಿದ ಆಟಗಾರ ಮೊಣಕಾಲು, ಸೊಂಟ ಬಾಗಿಸಿ 30 ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ನಿಂತರೆ, ಕಾಲಿನ ಮೇಲೆ ಬೀಳುವ ಸರಾಸರಿ ಬಲ ದೇಹದ ತೂಕದ ಸುಮಾರು 2.7 ಪಟ್ಟು. ಕಾಲು ಸೆಟೆದುಕೊಂಡು 10 ಸೆಂಟಿಮೀಟರ್‌ನಲ್ಲೇ ನಿಂತರೆ ಅದು 6 ಪಟ್ಟಾಗುತ್ತದೆ. ಅಂದರೆ ಪೆಟ್ಟು ತಗ್ಗಿಸುವ ಕೆಲಸದಲ್ಲಿ ದೊಡ್ಡ ಪಾಲು ನಮ್ಮ ಕಾಲಿನದ್ದೇ.

ಆದರೆ ಪಾದ ನೆಲಕ್ಕೆ ತಾಗಿದ ಮೊಟ್ಟಮೊದಲ ಕ್ಷಣದಲ್ಲಿ ಮೊಣಕಾಲು ಇನ್ನೂ ಸರಿಯಾಗಿ ಬಾಗಿರುವುದಿಲ್ಲ. ಆ ಹೊತ್ತಿಗೆ ಮೈಗೆ ಆಸರೆಯಾಗುವುದು ಹಿಮ್ಮಡಿಯ ಮೆತ್ತನೆ ಭಾಗ, ಬೂಟಿನ ಅಟ್ಟೆ ಮತ್ತು ನೆಲ. ಇವೆಲ್ಲವೂ ಮಿಲಿಮೀಟರ್‌ಗಳ ಲೆಕ್ಕದಲ್ಲೇ ಕುಗ್ಗುವಂಥವು. ಹಾಗಾಗಿ ನೆಲ ಎರಡು–ಮೂರು ಮಿಲಿಮೀಟರ್ ಬಾಗಿದರೂ ಆ ಮೊದಲ ಹೊಡೆತದ ತೀವ್ರತೆ ಗಮನಾರ್ಹವಾಗಿ ತಗ್ಗುತ್ತದೆ. ಒಂದು ಜಿಗಿತಕ್ಕೆ ಇದು ಸಣ್ಣ ವಿಷಯ. ವಾರಕ್ಕೆ ಐದು ದಿನ, ದಿನಕ್ಕೆ ಹತ್ತಾರು ಬಾರಿ ಹಾರುವ ಹದಿಮೂರರ ಹುಡುಗಿಗೆ ಅದು ಸಣ್ಣದಲ್ಲ.

ಮರದ ನೆಲ: ಆಟದ ಜೊತೆಗೇ ಹುಟ್ಟಿದ್ದು

ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ರೂಪಿಸಿದರು. ಹೊರಗೆ ಕೊರೆಯುವ ಚಳಿ. ವಿದ್ಯಾರ್ಥಿಗಳಿಗೆ ಒಳಗೇ ಆಡುವ ಆಟ ಬೇಕಿತ್ತು. ಅಲ್ಲಿನ ವ್ಯಾಯಾಮಶಾಲೆಯ ನೆಲ ಮರದ್ದಾಗಿತ್ತು, ಹಾಗಾಗಿ ಆಟವೂ ಮರದ ಮೇಲೇ ಬೆಳೆಯಿತು. ಪ್ಯಾರಿಸ್‌ನ ರೂ ದ ತ್ರೆವೀಸ್ ಎಂಬ ಬೀದಿಯ ವೈಎಂಸಿಎ ಕಟ್ಟಡದಲ್ಲಿ 1893ರ ಕಾಲದ ಮರದ ಅಂಕಣ ಇಂದಿಗೂ ಉಳಿದಿದೆ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಎಂದು ಅದನ್ನು ಗುರುತಿಸಲಾಗುತ್ತದೆ.

ಇಂದು ವೃತ್ತಿಪರ ಕೋರ್ಟ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಹಾರ್ಡ್ ಮೇಪಲ್ ಮರ. ಉತ್ತರ ಅಮೆರಿಕದ ತಂಪು ಪ್ರದೇಶಗಳಲ್ಲಿ ಬೆಳೆಯುವ, ಸಿಹಿಯಾದ ಮೇಪಲ್ ಸಿರಪ್ ಕೊಡುವ ಮರವೂ ಇದೇ. ಇದನ್ನೇ ಆರಿಸಿಕೊಳ್ಳಲು ಕಾರಣಗಳಿವೆ. ಮರದ ಗಟ್ಟಿತನ ಅಳೆಯುವ ಜಾಂಕಾ ಮಾಪನದಲ್ಲಿ ಇದರ ಅಂಕ ಸುಮಾರು 1450, ರೆಡ್ ಓಕ್‌ನದ್ದು ಸುಮಾರು 1290. ನಮ್ಮ ತೇಗ ಇವೆರಡಕ್ಕಿಂತ ಮೆತ್ತಗಿನದು. ಮೇಪಲ್‌ನ ಎಳೆಗಳು ಒತ್ತಾಗಿವೆ, ರಂಧ್ರಗಳು ಸಣ್ಣವು ಮತ್ತು ಸಮನಾಗಿ ಹರಡಿಕೊಂಡಿವೆ. ಅದರಿಂದ ಸಿಬಿರು ಏಳುವುದು ಕಡಿಮೆ, ಧೂಳು ಕೂರುವುದೂ ಕಡಿಮೆ, ಮೇಲ್ಮೈ ನುಣುಪಾಗಿ ಸವೆಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಪೆಟ್ಟನ್ನು ಹೀರುವುದು ಮೇಲೆ ಕಾಣುವ ಮರವಲ್ಲ, ಅದರ ಕೆಳಗಿರುವ ವ್ಯವಸ್ಥೆ. ಸುಮಾರು 20 ಮಿಲಿಮೀಟರ್ ದಪ್ಪದ ಮೇಪಲ್ ಪಟ್ಟಿಗಳ ಕೆಳಗೆ ಪ್ಲೈವುಡ್ ಪದರಗಳೋ ಮರದ ರೀಪುಗಳೋ ಇರುತ್ತವೆ. ಅವುಗಳ ಕೆಳಗೆ ರಬ್ಬರ್ ಅಥವಾ ಫೋಮ್‌ನ ಚಿಕ್ಕ ಗಟ್ಟಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದು ಕಡೆ ಕಾಲಿಟ್ಟರೆ ಸುತ್ತಲಿನ ಜಾಗವೂ ಸ್ವಲ್ಪ ಬಾಗಿ ಭಾರವನ್ನು ಹಂಚಿಕೊಳ್ಳುತ್ತದೆ. ಕಾಂಕ್ರೀಟ್‌ಗೆ ನೇರವಾಗಿ ಅಂಟಿಸಿದ ಮೇಪಲ್ ಹಲಗೆಯಲ್ಲಿ ಈ ಗುಣ ಇರುವುದಿಲ್ಲ. "ಮರದ ನೆಲ ಹಾಕಿಸಿದ್ದೇವೆ" ಎಂದು ಯಾರಾದರೂ ಹೇಳಿದರೆ, "ಅದರ ಕೆಳಗೆ ಏನಿದೆ?" ಎಂದು ಕೇಳುವುದು ಜಾಣತನ.

ಎನ್‌ಬಿಎಯಲ್ಲಿ ಎಲ್ಲರೂ ಮೇಪಲ್ ಬಳಸಿದರೂ ಬಾಸ್ಟನ್ ಸೆಲ್ಟಿಕ್ಸ್ ತಂಡದ ಅಂಕಣ ರೆಡ್ ಓಕ್‌ನದ್ದು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, 1946ರಲ್ಲಿ, ಉದ್ದನೆಯ ಒಳ್ಳೆಯ ಮರ ಸಿಗದ ಕಾರಣ ಓಕ್ ತುಂಡುಗಳನ್ನು ಅಡ್ಡ–ಉದ್ದ ಜೋಡಿಸಿ ಚೌಕಗಳಾಗಿ ಮಾಡಿದರು. ಕೊರತೆಯಿಂದ ಹುಟ್ಟಿದ ಆ ವಿನ್ಯಾಸವೇ ಮುಂದೆ ತಂಡದ ಗುರುತಾಯಿತು. ಹಳೆಯ ಅಂಕಣದಲ್ಲಿ ಚೆಂಡು ಪುಟಿಯದ 'ಸತ್ತ ಜಾಗ'ಗಳಿದ್ದವು, ಅವು ಎಲ್ಲಿವೆ ಎಂಬುದು ಸೆಲ್ಟಿಕ್ಸ್ ಆಟಗಾರರಿಗೆ ಮಾತ್ರ ಗೊತ್ತಿತ್ತು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ತಂಡಕ್ಕೆ ಅದರಿಂದ ಎಷ್ಟು ಲಾಭವಾಯಿತೋ, ಸತ್ತ ಜಾಗ ಎನ್ನುವುದಂತೂ ಕಟ್ಟುಕಥೆಯಲ್ಲ. ಹಲಗೆ ಸಡಿಲವಾದಲ್ಲಿ ಅಥವಾ ಕೆಳಗೆ ಟೊಳ್ಳಾದಲ್ಲಿ ಚೆಂಡಿನ ಶಕ್ತಿ ಅಲ್ಲೇ ವ್ಯಯವಾಗುತ್ತದೆ. ಸರಿಯಾಗಿ ನೋಡಿಕೊಳ್ಳದ ಯಾವುದೇ ಮರದ ಅಂಕಣದಲ್ಲಿ ಇದು ಆಗಬಹುದು.

ಮರದ ಶತ್ರು: ತೇವ

ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ ನೂರಾರು ಪಟ್ಟಿಗಳು ಒಟ್ಟಿಗೆ ಉಬ್ಬಿದರೆ ನೆಲ ಎದ್ದುಬರುತ್ತದೆ, ಹಲಗೆಯ ಅಂಚುಗಳು ಮೇಲೆ ಬಾಗಿ ದೋಣಿಯಂತಾಗುತ್ತವೆ. ಆದ್ದರಿಂದಲೇ ಮೇಪಲ್ ನೆಲಕ್ಕೆ ಗಾಳಿಯ ತೇವಾಂಶ ಶೇ. 35ರಿಂದ 50ರ ನಡುವೆ ಇರಲಿ ಎಂದು ಅಮೆರಿಕದ ಮೇಪಲ್ ನೆಲ ತಯಾರಕರ ಸಂಘ ಸಲಹೆ ನೀಡುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಶೇ. 80 ದಾಟುವುದು ಮಾಮೂಲು. ಗಾಳಿಯ ತೇವ ನಿಯಂತ್ರಿಸುವ ವ್ಯವಸ್ಥೆ ಇಲ್ಲದೆ ಅಲ್ಲಿ ಮೇಪಲ್ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆಯೇ.

ಮರದ ನೆಲವನ್ನು ಬಯಲಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 2012ರ ನವೆಂಬರ್‌ನಲ್ಲಿ ಅಮೆರಿಕದ ಕಾಲೇಜು ತಂಡಗಳ ಪಂದ್ಯಗಳನ್ನು ನೌಕಾಪಡೆಯ ಹಡಗುಗಳ ಮೇಲೆ ಏರ್ಪಡಿಸಲಾಗಿತ್ತು. ಸಂಜೆ ತಂಪಾಗುತ್ತಿದ್ದಂತೆ ಅಂಕಣದ ಮೇಲೆ ಇಬ್ಬನಿ ಕೂತಿತು. ಫ್ಲೋರಿಡಾ ಮತ್ತು ಜಾರ್ಜ್‌ಟೌನ್ ನಡುವಿನ ಪಂದ್ಯವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಒಹಾಯೊ ಸ್ಟೇಟ್ ಮತ್ತು ಮಾರ್ಕೆಟ್ ತಂಡಗಳ ಪಂದ್ಯ ಶುರುವಾಗಲೇ ಇಲ್ಲ. ಎಷ್ಟು ಒರೆಸಿದರೂ ನೆಲ ಒಣಗಲಿಲ್ಲ.

ಸಿಮೆಂಟ್ ಮತ್ತು ಡಾಂಬರು

ನಮ್ಮಲ್ಲಿ ಬಹುತೇಕ ಮಕ್ಕಳು ಮೊದಲ ಬಾರಿಗೆ ಚೆಂಡು ಹಿಡಿಯುವುದು ಸಿಮೆಂಟ್ ಅಂಕಣದಲ್ಲಿ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಆದರೆ ಆ ಮಟ್ಟ ತಲುಪುವ ಕನಸು ಕಾಣುವ ಹುಡುಗಿಯರ ಅಭ್ಯಾಸ ನಡೆಯುವುದು ಹೆಚ್ಚಾಗಿ ಬಯಲಿನ ಗಟ್ಟಿ ನೆಲದ ಮೇಲೆಯೇ.

ಸಿಮೆಂಟ್‌ನ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಖರ್ಚು ಕಡಿಮೆ, ಬಾಳಿಕೆ ಹೆಚ್ಚು, ಮಳೆ–ಬಿಸಿಲಿಗೆ ಹೆದರುವುದಿಲ್ಲ, ಚೆಂಡು ಚೆನ್ನಾಗಿ ಪುಟಿಯುತ್ತದೆ. ಆದರೆ ಪೆಟ್ಟು ಹೀರುವ ಅಳತೆಯಲ್ಲಿ ಅದರ ಅಂಕ ಸೊನ್ನೆ. ಬಿದ್ದರೆ ಚರ್ಮ ತರಚುತ್ತದೆ, ಧೂಳು ಕೂತರೆ ಜಾರುತ್ತದೆ, ಚೆಂಡು ಮತ್ತು ಬೂಟು ಬೇಗ ಸವೆಯುತ್ತವೆ. ಡಾಂಬರು ಸಿಮೆಂಟ್‌ಗಿಂತ ತುಸು ಮೆತ್ತಗೆ ಎನಿಸಿದರೂ ಆಟಗಾರನ ಕಾಲಿನ ಮಟ್ಟಿಗೆ ವ್ಯತ್ಯಾಸ ಅಲ್ಪ.

ಅಕ್ರಿಲಿಕ್: ಬಣ್ಣವೋ, ಮೆತ್ತೆಯೋ?

ಬಯಲಿನ 'ಸಿಂಥೆಟಿಕ್ ಕೋರ್ಟ್' ಎಂದು ನಮ್ಮಲ್ಲಿ ಹೆಚ್ಚಾಗಿ ಕರೆಯುವುದು ಅಕ್ರಿಲಿಕ್ ಲೇಪನವನ್ನೇ. ನೀರಿನಲ್ಲಿ ಕಲಸಿದ ಅಕ್ರಿಲಿಕ್ ರಾಳ, ನುಣ್ಣನೆಯ ಸಿಲಿಕಾ ಮರಳು ಮತ್ತು ಬಣ್ಣ ಸೇರಿಸಿ ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಹಲವು ಪದರಗಳಲ್ಲಿ ಎಳೆಯುತ್ತಾರೆ. ಮರಳು ಹಿಡಿತ ಕೊಡುತ್ತದೆ, ರಾಳ ನೆಲವನ್ನು ಕಾಯುತ್ತದೆ.

ಮೊಣಕಾಲಿಗೆ ಏನು ಸಿಗುತ್ತದೆ? ಮಾಮೂಲಿ ಅಕ್ರಿಲಿಕ್ ಲೇಪನದ ದಪ್ಪ ಕೆಲವೇ ಮಿಲಿಮೀಟರ್, ಅದೂ ಗಟ್ಟಿಯಾದ ಪದರ. ಹಾಗಾಗಿ ಪೆಟ್ಟು ಹೀರುವಲ್ಲಿ ಅದು ಬಹುಮಟ್ಟಿಗೆ ಕಾಂಕ್ರೀಟ್‌ನಂತೆಯೇ ವರ್ತಿಸುತ್ತದೆ. ಹಿಡಿತ ಸುಧಾರಿಸುತ್ತದೆ, ಧೂಳು ಕಡಿಮೆಯಾಗುತ್ತದೆ, ನೋಡಲು ಅಂದವಾಗುತ್ತದೆ. ಇವೆಲ್ಲ ನಿಜವಾದ ಲಾಭಗಳೇ, ಆದರೆ ಮೊಣಕಾಲಿನ ರಕ್ಷಣೆ ಈ ಪಟ್ಟಿಯಲ್ಲಿಲ್ಲ.

'ಕುಷನ್ ಅಕ್ರಿಲಿಕ್' ಬೇರೆ. ಅದರಲ್ಲಿ ಬಣ್ಣದ ಪದರಗಳ ಕೆಳಗೆ ರಬ್ಬರ್ ಹರಳುಗಳನ್ನು ಬೆರೆಸಿದ ಪದರಗಳನ್ನು ಹಾಕುತ್ತಾರೆ. ಇದು ಸ್ವಲ್ಪ ಮಟ್ಟಿಗೆ ಪೆಟ್ಟು ತಗ್ಗಿಸುತ್ತದೆ. ಒಳ್ಳೆಯ ಮರದ ನೆಲಕ್ಕೆ ಸಮವಲ್ಲದಿದ್ದರೂ ಬರೀ ಲೇಪನಕ್ಕಿಂತ ಮೇಲು. ಕೆಲಸ ಮುಗಿದ ಮೇಲೆ ಮೇಲಿನಿಂದ ನೋಡಿ ಎರಡನ್ನೂ ಗುರುತಿಸುವುದು ಕಷ್ಟ. ಆದ್ದರಿಂದ ಎಷ್ಟು ಕುಷನ್ ಪದರ, ಎಷ್ಟು ದಪ್ಪ ಎಂಬುದು ಕೊಟೇಶನ್‌ನಲ್ಲೇ ಬರಹದಲ್ಲಿರಬೇಕು.

ಇನ್ನೊಂದು ವಿಷಯ. ಹೊಸ ಕಾಂಕ್ರೀಟ್ ಕನಿಷ್ಠ 28 ದಿನ ಹದವಾಗಿ ಒಣಗುವ ಮುನ್ನ ಲೇಪನ ಹಾಕಿದರೆ ಒಳಗಿನ ತೇವ ಮೇಲೆ ಬಂದು ಗುಳ್ಳೆ ಏಳುತ್ತದೆ. ನೆಲಕ್ಕೆ ಮೀಟರಿಗೆ ಸುಮಾರು 1 ಸೆಂಟಿಮೀಟರ್ ಇಳಿಜಾರು ಇಲ್ಲದಿದ್ದರೆ ಮಳೆನೀರು ನಿಂತು ಪಾಚಿ ಕಟ್ಟುತ್ತದೆ. ಪಾಚಿ ಕಟ್ಟಿದ ನೆಲ ಎಷ್ಟು ಅಪಾಯಕಾರಿ ಎಂದು ಬಚ್ಚಲಲ್ಲಿ ಜಾರಿದವರಿಗೆ ಹೇಳಬೇಕಿಲ್ಲ.

ಪಾಲಿಯುರೆಥೇನ್, ರಬ್ಬರ್, ವಿನೈಲ್

ಪಾಲಿಯುರೆಥೇನ್ (ಪಿಯು) ನೆಲದಲ್ಲಿ ಮೊದಲು ರಬ್ಬರ್ ಹಾಸು ಅಂಟಿಸಿ, ಅದರ ಮೇಲೆ ದ್ರವರೂಪದ ಪಿಯುವನ್ನು ಸುರಿದು ಸಮ ಮಾಡುತ್ತಾರೆ. ಒಣಗಿದ ಮೇಲೆ ಬೆಸುಗೆಯೇ ಇಲ್ಲದ ಅಖಂಡ ನೆಲವಾಗುತ್ತದೆ. ವಿನೈಲ್ ಎಂದರೆ ಪಿವಿಸಿ ಹಾಳೆ, ಕೆಳಭಾಗದಲ್ಲಿ ಫೋಮ್ ಇರುತ್ತದೆ. ಸುರುಳಿಯಾಗಿ ಬರುವ ಇದನ್ನು ಬಿಚ್ಚಿ ಹಾಸಿ, ಅಂಚುಗಳನ್ನು ಬಿಸಿ ಮಾಡಿ ಬೆಸೆಯುತ್ತಾರೆ.

ಇವು ಮರದಂತೆ ಸುತ್ತಲಿನ ಜಾಗವನ್ನು ಬಾಗಿಸುವುದಿಲ್ಲ. ಕಾಲಿಟ್ಟ ಜಾಗದಲ್ಲಷ್ಟೇ ಒತ್ತಿಕೊಳ್ಳುತ್ತವೆ. ಪೆಟ್ಟು ಹೀರುವ ಶಕ್ತಿ ಕೆಳಗಿನ ರಬ್ಬರ್ ಅಥವಾ ಫೋಮ್ ಎಷ್ಟು ದಪ್ಪ ಎಂಬುದರ ಮೇಲೆ ನಿಂತಿದೆ. ತೂಕ ಕಡಿಮೆ ಇರುವ ಮಕ್ಕಳಿಗೆ ಇಂಥ ನೆಲ ಚೆನ್ನಾಗಿ ಹೊಂದುತ್ತದೆ. ಮರದ ನೆಲವನ್ನು ಬಾಗಿಸಲು ಸ್ವಲ್ಪ ಭಾರ ಬೇಕು, ಮೆತ್ತನೆಯ ನೆಲ ಚಿಕ್ಕ ಪಾದಕ್ಕೂ ಒತ್ತಿಕೊಳ್ಳುತ್ತದೆ. ತೇವದ ಕಾಟವೂ ಮರಕ್ಕಿಂತ ಕಡಿಮೆ.

ಈ ನೆಲಗಳ ಇತಿಹಾಸದಲ್ಲಿ ಆರೋಗ್ಯದ ದೃಷ್ಟಿಯಿಂದ ನೆನಪಿಡಬೇಕಾದ ಒಂದು ಪಾಠವಿದೆ. 1960ರ ದಶಕದಿಂದ ಅಮೆರಿಕದ ಹಲವು ಶಾಲೆಗಳ ವ್ಯಾಯಾಮಶಾಲೆಗಳಲ್ಲಿ ರಬ್ಬರಿನಂಥ ಪಾಲಿಯುರೆಥೇನ್ ನೆಲ ಹಾಕಲಾಯಿತು. ಅದು ಬೇಗ ಗಟ್ಟಿಯಾಗಲೆಂದು ಪಾದರಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ದಶಕಗಳ ನಂತರವೂ ಆ ನೆಲಗಳಿಂದ ಪಾದರಸದ ಆವಿ ಹೊರಬರುತ್ತಿರುವುದು ಕಂಡುಬಂತು. ಮಿನ್ನೆಸೋಟ ರಾಜ್ಯದ ಆರೋಗ್ಯ ಇಲಾಖೆ ಶಾಲೆಗಳಿಗೆ ಗಾಳಿ ಪರೀಕ್ಷೆ ಮತ್ತು ಗಾಳಿಯಾಡುವಿಕೆಯ ಬಗ್ಗೆ ಪ್ರತ್ಯೇಕ ಮಾರ್ಗದರ್ಶಿಯನ್ನೇ ಪ್ರಕಟಿಸಿತು. ಇಂದಿನ ಎಲ್ಲ ಪಿಯು ನೆಲಗಳೂ ಹಾಗೆ ಎಂದು ಇದರ ಅರ್ಥವಲ್ಲ. ಪಾದರಸವಿಲ್ಲದೆ ಪಿಯು ತಯಾರಿಸುವ ವಿಧಾನಗಳು ಬಂದಿವೆ. ಆದರೆ ಮಕ್ಕಳು ದಿನವೂ ಉಸಿರಾಡುವ ಮುಚ್ಚಿದ ಜಾಗದಲ್ಲಿ ಹಾಕುವ ರಾಸಾಯನಿಕದಲ್ಲಿ ಏನಿದೆ ಎಂದು ಕೇಳುವ ಹಕ್ಕು ಪೋಷಕರಿಗಿದೆ.

ಪ್ಲಾಸ್ಟಿಕ್ ಟೈಲ್ಸ್ ಮತ್ತು ಗಾಜಿನ ನೆಲ

ಒಂದಕ್ಕೊಂದು ಸಿಕ್ಕಿಸುವ ಪಾಲಿಪ್ರೊಪಿಲೀನ್ ಟೈಲ್ಸ್ ಬಯಲಿನ ಅಂಕಣಗಳಲ್ಲಿ, ಅದರಲ್ಲೂ ಮೂವರು–ಮೂವರು ಆಡುವ 3x3 ಪಂದ್ಯಗಳಲ್ಲಿ ಜನಪ್ರಿಯವಾಗಿವೆ. ಜಾಲರಿಯಂಥ ಮೇಲ್ಮೈಯಿಂದ ಮಳೆನೀರು ಕೆಳಗಿಳಿದು ಹರಿದುಹೋಗುತ್ತದೆ. ಒಂದು ಟೈಲ್ ಒಡೆದರೆ ಅದನ್ನಷ್ಟೇ ಬದಲಿಸಬಹುದು. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವುದರಿಂದ ಅಂಚಿನಲ್ಲಿ ಜಾಗ ಬಿಡಬೇಕು, ಇಲ್ಲದಿದ್ದರೆ ಮಧ್ಯೆ ಉಬ್ಬುತ್ತದೆ. ಕೆಳಗೆ ರಬ್ಬರ್ ಹಾಸು ಇದ್ದರೆ ಪೆಟ್ಟು ಒಂದಷ್ಟು ತಗ್ಗುತ್ತದೆ. ಗಟ್ಟಿ ಟೈಲ್ ನೇರವಾಗಿ ಸಿಮೆಂಟ್ ಮೇಲೆ ಕೂತಿದ್ದರೆ ಲಾಭ ಕಡಿಮೆ. ತಗ್ಗು–ಉಬ್ಬು ಇರುವ ನೆಲದ ಮೇಲೆ ಹಾಸಿದರೆ ಚೆಂಡು ಪುಟಿಯುವಾಗ ಟೊಳ್ಳು ಸದ್ದು ಕೇಳುತ್ತದೆ.

ಹೊಸದಾಗಿ ಬಂದಿರುವುದು ಗಾಜಿನ ನೆಲ. ಪದರ ಪದರವಾದ ಗಟ್ಟಿ ಗಾಜಿನ ಕೆಳಗೆ ಎಲ್‌ಇಡಿ ದೀಪಗಳಿದ್ದು, ಗೆರೆಗಳನ್ನೂ ಚಿತ್ರಗಳನ್ನೂ ಬೇಕಾದಂತೆ ಮೂಡಿಸಬಹುದು. 2023ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ 19 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ, 2024ರ ಫೆಬ್ರುವರಿಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಎನ್‌ಬಿಎ ಆಲ್‌ಸ್ಟಾರ್ ಸ್ಪರ್ಧೆಗಳಲ್ಲಿ ಇದನ್ನು ಬಳಸಲಾಯಿತು. ಗಾಜು ಎಂದರೆ ಜಾರುತ್ತದೆ ಎಂಬ ಭಯ ಸಹಜ. ಹಿಡಿತಕ್ಕಾಗಿ ಗಾಜಿನ ಮೇಲೆ ಸಣ್ಣ ಸೆರಾಮಿಕ್ ಚುಕ್ಕೆಗಳನ್ನು ಕೂರಿಸಿರುತ್ತಾರೆ, ಕೆಳಗಿನ ಚೌಕಟ್ಟು ಮರದ ನೆಲದಂತೆ ಸ್ವಲ್ಪ ಬಾಗುತ್ತದೆ. ಪೆಟ್ಟನ್ನು ಕಾಯುವುದು ಮೇಲಿನ ಹೊದಿಕೆಯಲ್ಲ, ಕೆಳಗಿನ ವ್ಯವಸ್ಥೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಸಾಮಾನ್ಯ ನಂಬಿಕೆಗಳು ಮತ್ತು ವಾಸ್ತವ

*ನಂಬಿಕೆ: ಗಟ್ಟಿ ನೆಲದಿಂದ ಮೊಣಕಾಲಿಗೆ ಏನೂ ಆಗುವುದಿಲ್ಲ, ನಾವೆಲ್ಲ ಆಡಿಲ್ಲವೇ?*
ಗಟ್ಟಿ ನೆಲದಲ್ಲಿ ಆಡಿದ ಎಲ್ಲರಿಗೂ ತೊಂದರೆಯಾಗುವುದಿಲ್ಲ, ನಿಜ. ಆದರೆ ಮಂಡಿಚಿಪ್ಪಿನ ಬಳಿಯ ಸ್ನಾಯುರಜ್ಜು ನೋಯುವ 'ಜಂಪರ್ಸ್ ನೀ' ಸಮಸ್ಯೆಯನ್ನು ವಾಲಿಬಾಲ್ ಆಟಗಾರರಲ್ಲಿ ಅಧ್ಯಯನ ಮಾಡಿದ ಇಟಲಿಯ ವೈದ್ಯರು 1984ರಲ್ಲಿ ಎರಡು ಅಂಶಗಳನ್ನು ಗುರುತಿಸಿದರು: ವಾರಕ್ಕೆ ಎಷ್ಟು ಬಾರಿ ಆಡುತ್ತಾರೆ ಮತ್ತು ನೆಲ ಎಷ್ಟು ಗಟ್ಟಿ. ಎರಡೂ ಹೆಚ್ಚಾದಷ್ಟು ಸಮಸ್ಯೆ ಹೆಚ್ಚು ಕಂಡುಬಂತು. ಬ್ಯಾಸ್ಕೆಟ್‌ಬಾಲ್ ಕೂಡ ಹಾರುವ ಆಟವೇ.

*ನಂಬಿಕೆ: ನೆಲ ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದು.*
ಓಡುವವರ ಮೇಲೆ ನಡೆದ ಅಧ್ಯಯನಗಳಲ್ಲಿ, ನೆಲ ಮೆತ್ತಗಾದಾಗ ದೇಹ ತಾನಾಗಿಯೇ ಕಾಲನ್ನು ಹೆಚ್ಚು ಬಿಗಿ ಮಾಡಿಕೊಳ್ಳುವುದು ಕಂಡುಬಂದಿದೆ. ಹಾಗಾಗಿ ಮೆತ್ತನೆ ನೆಲದ ಲಾಭ ಲೆಕ್ಕದಲ್ಲಿ ಹೇಳಿದಷ್ಟು ಪೂರ್ತಿಯಾಗಿ ಕಾಲಿಗೆ ಸಿಗುವುದಿಲ್ಲ.

*ನಂಬಿಕೆ: ಹಿಡಿತ ಹೆಚ್ಚಿದ್ದಷ್ಟೂ ಸುರಕ್ಷಿತ.*
ಇದು ಅಪಾಯಕಾರಿ ನಂಬಿಕೆ. ಓಡುತ್ತಾ ಥಟ್ಟನೆ ತಿರುಗಿದಾಗ ಬೂಟು ನೆಲಕ್ಕೆ ಕಚ್ಚಿಕೊಂಡರೆ ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಆ ತಿರುಚುವಿಕೆಯೆಲ್ಲ ಮೊಣಕಾಲಿನ ಅಸ್ಥಿರಜ್ಜಿನ ಮೇಲೆ, ಆಟಗಾರರು ಎಸಿಎಲ್ ಎನ್ನುವ ಭಾಗದ ಮೇಲೆ ಬೀಳುತ್ತದೆ. ನಾರ್ವೆಯ ಹ್ಯಾಂಡ್‌ಬಾಲ್ ಆಟಗಾರರ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರದ ನೆಲಕ್ಕಿಂತ ಹೆಚ್ಚು ಹಿಡಿತವಿರುವ ಕೃತಕ ನೆಲಗಳ ಮೇಲೆ ಮಹಿಳೆಯರಿಗೆ ಈ ಗಾಯದ ಅಪಾಯ ಹೆಚ್ಚಿತ್ತು. ಪುರುಷರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹ್ಯಾಂಡ್‌ಬಾಲ್ ಬೇರೆ ಆಟವಾದರೂ ಅಲ್ಲಿಯೂ ಇದೇ ಥರದ ಜಿಗಿತ, ತಿರುವುಗಳಿವೆ. ಮಾನದಂಡಗಳು ಹಿಡಿತಕ್ಕೂ ಮೇಲಿನ ಮಿತಿ ಹಾಕಿರುವುದು ಈ ಕಾರಣಕ್ಕೇ.

*ನಂಬಿಕೆ: ಹೊಳೆಯುವ ನೆಲ ಜಾರುತ್ತದೆ.*
ಹೊಳಪಿಗೂ ಜಾರುವಿಕೆಗೂ ನೇರ ಸಂಬಂಧವಿಲ್ಲ. ಜಾರಿಸುವುದು ಧೂಳು ಮತ್ತು ಬೆವರು. ಪಂದ್ಯಗಳಲ್ಲಿ ಯಾರಾದರೂ ಬಿದ್ದೊಡನೆ ಒರೆಸುವವರು ಓಡಿ ಬರುವುದು ಅದಕ್ಕಾಗಿಯೇ.

ಕೋರ್ಟ್ ಮಾಡಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಶಾಲೆಯ ಸಮಿತಿಯಲ್ಲೋ ಅಪಾರ್ಟ್‌ಮೆಂಟ್ ಸಂಘದಲ್ಲೋ ನೀವಿದ್ದರೆ ಗುತ್ತಿಗೆದಾರರಿಗೆ ಈ ಪ್ರಶ್ನೆಗಳನ್ನು ಕೇಳಿ.

1. ಈ ನೆಲದ ಬಲದ ಇಳಿಕೆ ಶೇಕಡಾ ಎಷ್ಟು? ಯಾವ ಮಾನದಂಡದ ಪ್ರಕಾರ ಪರೀಕ್ಷೆಯಾಗಿದೆ? ವರದಿ ತೋರಿಸುತ್ತೀರಾ?
2. ವರದಿ ಇರುವುದು ನಮಗೆ ಹಾಕಲಿರುವ ದಪ್ಪದ ನೆಲಕ್ಕೋ, ಬೇರೆ ದಪ್ಪದ್ದಕ್ಕೋ?
3. ಮೇಲಿನ ಪದರದ ಕೆಳಗೆ ಏನಿದೆ? ಒಟ್ಟು ಎಷ್ಟು ಮಿಲಿಮೀಟರ್?
4. ಬಯಲಾದರೆ ಇಳಿಜಾರು ಎಷ್ಟು, ನೀರು ಎಲ್ಲಿಗೆ ಹೋಗುತ್ತದೆ? ಒಳಾಂಗಣವಾದರೆ ತೇವ ನಿಯಂತ್ರಣ ಹೇಗೆ?
5. ಹಿಡಿತದ ಪರೀಕ್ಷೆಯ ಅಂಕ ಎಷ್ಟು?
6. ಅಂಟು ಮತ್ತು ರಾಳಗಳಲ್ಲಿರುವ ರಾಸಾಯನಿಕಗಳ ವಿವರ ಬರಹದಲ್ಲಿ ಸಿಗುತ್ತದೆಯೇ?

ಮೊದಲ ಪ್ರಶ್ನೆಗೆ "ಸರ್, ಇಂಟರ್‌ನ್ಯಾಷನಲ್ ಕ್ವಾಲಿಟಿ" ಎಂಬ ಉತ್ತರವಷ್ಟೇ ಬಂದರೆ, ಮೊಣಕಾಲಿನ ರಕ್ಷಣೆಯ ಮಾತನ್ನು ನಂಬಲು ಆಧಾರವಿಲ್ಲ ಎಂದೇ ತಿಳಿಯಿರಿ.

ಸಿಮೆಂಟ್ ನೆಲವೇ ಗತಿಯಾದರೆ?

ಎಲ್ಲ ಶಾಲೆಗಳಿಗೂ ಹೊಸ ನೆಲ ಹಾಕಿಸುವ ಶಕ್ತಿ ಇರುವುದಿಲ್ಲ. ಹಾಗೆಂದು ಮಕ್ಕಳನ್ನು ಆಟದಿಂದ ದೂರವಿಡುವುದು ಉತ್ತರವಲ್ಲ. ಆಡದೆ ಕೂರುವುದರಿಂದ ಆಗುವ ನಷ್ಟವೇ ದೊಡ್ಡದು. ನೆಲ ಬದಲಿಸಲಾಗದಿದ್ದರೆ ಉಳಿದದ್ದನ್ನು ಬದಲಿಸಬಹುದು.

ಹಾರಿ ಇಳಿಯುವಾಗ ಮೊಣಕಾಲು, ಸೊಂಟ ಬಾಗಿಸಿ ಸದ್ದಾಗದಂತೆ ಇಳಿಯುವುದನ್ನು ಮಕ್ಕಳಿಗೆ ಕಲಿಸಿ. ಮೇಲಿನ ಲೆಕ್ಕ ನೆನಪಿದೆಯಲ್ಲ, 6 ಪಟ್ಟನ್ನು 2.7 ಪಟ್ಟಿಗೆ ಇಳಿಸುವುದು ಇದೇ. ಮೊಣಕಾಲುಗಳು ಒಳಮುಖವಾಗಿ ಕೂಡದಂತೆ ನೋಡಿಕೊಳ್ಳಿ. ಸಮತೋಲನ ಮತ್ತು ಕಾಲಿನ ಬಲ ಹೆಚ್ಚಿಸುವ ವ್ಯಾಯಾಮಗಳನ್ನು ಸೇರಿಸಿಕೊಂಡ ವಾರ್ಮ್‌ಅಪ್‌ನಿಂದ ಎಳೆಯ ಆಟಗಾರರಲ್ಲಿ ಗಾಯಗಳು ಕಡಿಮೆಯಾಗುತ್ತವೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಅಟ್ಟೆ ಸವೆದ ಬೂಟು ಬದಲಿಸಿ. ಸತತವಾಗಿ ಹಾರುವ ಅಭ್ಯಾಸವನ್ನು ದಿನವೂ ಮಾಡಿಸದೆ ನಡುನಡುವೆ ಬಿಡುವು ಕೊಡಿ, ಆ ದಿನಗಳಲ್ಲಿ ಪಾಸ್, ಡ್ರಿಬಲ್ ಅಭ್ಯಾಸ ಮಾಡಿಸಬಹುದು. ಆಡುವ ಮುನ್ನ ಒಮ್ಮೆ ಗುಡಿಸಿ. ಮಂಡಿಚಿಪ್ಪಿನ ಕೆಳಗೆ ನೋವು ವಾರಗಟ್ಟಲೆ ಉಳಿದರೆ "ಬೆಳೆಯೋ ವಯಸ್ಸು, ಸರಿಹೋಗುತ್ತೆ" ಎಂದು ಬಿಡದೆ ವೈದ್ಯರಿಗೆ ತೋರಿಸಿ.

ಒಟ್ಟಾರೆ ಹೇಳುವುದಾದರೆ

'ಸಿಂಥೆಟಿಕ್ ಹಾಕಿಸಿದರೆ ಮೊಣಕಾಲು ಸುರಕ್ಷಿತ' ಎಂಬ ಮಾತು ಅರ್ಧ ಸತ್ಯ. ಕೆಳಗೆ ಬಾಗುವ ಅಥವಾ ಒತ್ತಿಕೊಳ್ಳುವ ಪದರವಿದ್ದರೆ ಮರ, ಪಿಯು, ವಿನೈಲ್, ಗಾಜು – ಯಾವುದೇ ನೆಲವೂ ಕಾಲಿಗೆ ನೆರವಾಗಬಲ್ಲದು. ಅದಿಲ್ಲದಿದ್ದರೆ ಮೇಲೆ ಯಾವ ಬಣ್ಣವಿದ್ದರೂ ಅದು ಸಿಮೆಂಟೇ. ಹಾಗಾಗಿ ಮುಂದಿನ ಬಾರಿ ಹೊಸ ಕೋರ್ಟ್ ನೋಡಿದಾಗ ಬಣ್ಣವನ್ನು ಮೆಚ್ಚಿಕೊಳ್ಳಿ, ಆದರೆ "ಇದರ ಕೆಳಗೆ ಏನಿದೆ?" ಎಂದು ಕೇಳುವುದನ್ನು ಮರೆಯಬೇಡಿ.